ಬರ್ನ್-ಈ: ಬಾಗಿಲಾಚೆ ಉಳಿದ ಬೆಸುಗೆಗಾರ

ಬಾಹ್ಯಾಕಾಶ ನೌಕೆಯೊಂದರ ಹೊರಮೈಯಲ್ಲಿದ್ದ ಒಂದು ದೀಪ ಒಡೆದುಹೋಗಿದೆ, ಅದನ್ನು ತೆಗೆದು ಬೇರೆಯದನ್ನು ಕೂರಿಸಬೇಕು. ಪಿಕ್ಸರ್ ಸಂಸ್ಥೆಯ 'ಬರ್ನ್-ಈ' ಎಂಬ ಅನಿಮೇಷನ್ ಕಿರುಚಿತ್ರದ ಕಥೆ ಇಷ್ಟೇ. 2008ರ ಜೂನ್ 27ರಂದು ಅಮೆರಿಕದಲ್ಲಿ ತೆರೆಕಂಡ 'ವಾಲ್-ಈ' ಎಂಬ ಪೂರ್ಣಾವಧಿ ಚಿತ್ರದಲ್ಲಿ ಕೆಲವೇ ಕ್ಷಣ ಕಾಣಿಸಿಕೊಂಡು ಮರೆಯಾಗುವ ರಿಪೇರಿ ರೋಬಾಟ್ ಒಂದನ್ನು ಆರಿಸಿಕೊಂಡು, ಆ ಹೊತ್ತಿನಲ್ಲಿ ಅದರ ಪಾಲಿಗೆ ಏನೇನು ಬಂದೊದಗಿತು ಎಂಬುದನ್ನು ಈ ಚಿತ್ರ 8 ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಹೇಳಿ ಮುಗಿಸುತ್ತದೆ. ಚಿತ್ರಮಂದಿರಗಳಲ್ಲಿ 'ವಾಲ್-ಈ' ಶುರುವಾಗುವ ಮೊದಲು ತೋರಿಸಿದ ಕಿರುಚಿತ್ರ ಬೇರೆ. 'ಬರ್ನ್-ಈ' ಅದೇ ವರ್ಷದ ನವೆಂಬರ್ 18ರಂದು 'ವಾಲ್-ಈ'ಯ ಡಿವಿಡಿ ಮತ್ತು ಬ್ಲೂ-ರೇ ತಟ್ಟೆಗಳೊಂದಿಗೆ ಹೊರಬಂದಿತು. ತಟ್ಟೆಯಲ್ಲಿ ಹೆಚ್ಚುವರಿಯಾಗಿ ಸೇರಿಸಿದ ಚಿತ್ರಗಳನ್ನು ಬಹುಮಂದಿ ತೆರೆದೂ ನೋಡುವುದಿಲ್ಲ. ಹಾಗೆ ನೋಡದೆ ಬಿಟ್ಟವರಿಗಾಗಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಏಕೆಂದರೆ ದುರಸ್ತಿ ಎಂಬ ಕೆಲಸವನ್ನು ಇಷ್ಟು ಗೌರವದಿಂದ ಕಂಡ ಬಾಹ್ಯಾಕಾಶ ಚಿತ್ರ ನನಗೆ ಇನ್ನೊಂದು ಸಿಕ್ಕಿಲ್ಲ.

ನಿರ್ದೇಶಕ ಆ್ಯಂಗಸ್ ಮ್ಯಾಕ್‌ಲೇನ್. ಆ್ಯಂಡ್ರ್ಯೂ ಸ್ಟ್ಯಾಂಟನ್ ನಿರ್ದೇಶಿಸಿದ 'ವಾಲ್-ಈ'ಯಲ್ಲಿ ಅನಿಮೇಷನ್ ತಂಡದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಅವರಿಗೆ ಆ ಜಗತ್ತಿನ ಯಂತ್ರಗಳ ನಡೆನುಡಿ ಕರತಲಾಮಲಕವಾಗಿತ್ತು. ಬರ್ನ್-ಈ ಎಂಬುದು 'ಬೇಸಿಕ್ ಯುಟಿಲಿಟಿ ರಿಪೇರ್ ನ್ಯಾನೊ ಎಂಜಿನಿಯರ್' ಎಂಬ ಉದ್ದನೆಯ ಹುದ್ದೆಯ ಹೆಸರಿನ ಸಂಕ್ಷೇಪ. ಗಿಡ್ಡ ದೇಹ, ವೆಲ್ಡಿಂಗ್ ಮಾಡುವವರು ಹಿಡಿಯುವ ಮುಖವಾಡವನ್ನು ನೆನಪಿಸುವ ತಲೆ, ಎರಡು ಪುಟ್ಟ ಕೈಗಳು, ಒಂದು ಬೆಸುಗೆಯ ಕೊಳವೆ. ಅದು ನೌಕೆಯ ಹೊರಮೈಯಲ್ಲಿ ಹಾಸಿದ ಹಳಿಯ ಮೇಲೆ ಓಡಾಡುತ್ತದೆ. ಹಳಿ ಎಲ್ಲಿಗೆ ಹೋಗುತ್ತದೆಯೋ ಅದರ ಬದುಕೂ ಅಲ್ಲಿಗೇ ಹೋಗುತ್ತದೆ.

ದೀಪ ಒಡೆದದ್ದು ಹೇಗೆ ಎಂಬುದನ್ನು ಚಿತ್ರ ಮೊದಲ ನಿಮಿಷದಲ್ಲೇ ತೋರಿಸುತ್ತದೆ. ಪೂರ್ಣಾವಧಿ ಚಿತ್ರವನ್ನು ನೋಡಿದವರಿಗೆ ನೆನಪಿರಬಹುದು, ಅದರ ನಾಯಕನಾದ ವಾಲ್-ಈ ಎಂಬ ರೋಬಾಟ್ ರಾಕೆಟ್ಟಿಗೆ ಜೋತುಬಿದ್ದು ಹೋಗುವಾಗ ಶನಿಯಂತೆ ಬಳೆ ತೊಟ್ಟ ಒಂದು ಗ್ರಹದ ಪಕ್ಕದಲ್ಲಿ ಸಾಗುತ್ತದೆ ಮತ್ತು ಬೆರಗಿನಿಂದ ಆ ಬಳೆಯ ಕಣಗಳ ನಡುವೆ ಕೈ ಆಡಿಸುತ್ತದೆ. ಅಲ್ಲಿ ಆ ದೃಶ್ಯದಷ್ಟು ಕಾವ್ಯಮಯವಾದದ್ದು ಬೇರೆ ಇಲ್ಲ. ಆದರೆ ಹಾಗೆ ಕೈ ತಾಗಿ ಹೊರಟ ಒಂದು ಕಲ್ಲು ಎಲ್ಲಿಗೆ ಹೋಯಿತು ಎಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ಅದು ನೇರವಾಗಿ ಬಂದು, ಮನುಷ್ಯರನ್ನು ಹೊತ್ತ ಆಕ್ಸಿಯಂ ಎಂಬ ನೌಕೆಯ ದೀಪಕ್ಕೆ ಬಡಿಯುತ್ತದೆ. ಒಬ್ಬರ ಬೆರಗು ಇನ್ನೊಬ್ಬರ ಪಾಲಿಗೆ ಕೆಲಸವಾಗಿ ಬಂದಿಳಿಯುತ್ತದೆ. ಈ ಒಂದು ಜೋಡಣೆಗಾಗಿಯೇ ಮ್ಯಾಕ್‌ಲೇನ್ ಅವರನ್ನು ಮೆಚ್ಚಬೇಕು. ಅವರು ಹೊಸ ಘಟನೆಯನ್ನು ಹುಡುಕಿಕೊಂಡು ಹೋಗದೆ, ನಾವು ಕಣ್ತುಂಬಿಕೊಂಡು ಮುಂದೆ ಸಾಗಿದ್ದ ಘಟನೆಯ ಬಾಕಿ ಲೆಕ್ಕವನ್ನು ತೆರೆದು ತೋರಿಸಿದ್ದಾರೆ.

ಮುಂದಿನ ಕಥೆಯ ಚೌಕಟ್ಟು ಮೂರು ಪ್ರಯತ್ನಗಳದು. ಬಿಡಿಭಾಗಗಳ ಕೋಣೆಯಲ್ಲಿ ಸಪ್ಲೈ-ಆರ್ ಎಂಬ ಇನ್ನೊಂದು ರೋಬಾಟ್ ಇದೆ. ದೀಪ ಬೇಕೆಂದರೆ ಅದರ ಮುಂದೆ ಹೋಗಿ ನಿಲ್ಲಬೇಕು. ಮೊದಲನೆಯ ದೀಪವನ್ನು ಬೆಸೆಯಲು ಹೊರಟ ಬರ್ನ್-ಈ, ವಾಲ್-ಈ ಹಾದುಹೋಗುವುದನ್ನು ನೋಡುತ್ತಾ ಮೈಮರೆಯುತ್ತದೆ, ಅಷ್ಟರಲ್ಲಿ ದೀಪ ತೇಲಿ ದೂರ ಹೋಗಿರುತ್ತದೆ. ಎರಡನೆಯ ಸಲ ವಾಲ್-ಈ ಸಿಕ್ಕಿಹಾಕಿಕೊಂಡಿದ್ದ ಪಾರುನೌಕೆ ದೂರದಲ್ಲಿ ಸ್ಫೋಟಗೊಳ್ಳುತ್ತದೆ, ಬರ್ನ್-ಈ ಅತ್ತ ತಿರುಗಿ ನೋಡುವಷ್ಟರಲ್ಲಿ ಕೈಯಲ್ಲಿದ್ದ ಬೆಂಕಿ ದೀಪವನ್ನೇ ಕತ್ತರಿಸಿಬಿಟ್ಟಿರುತ್ತದೆ. ಉಳಿದಿರುವುದು ಒಂದೇ ದೀಪ. ಅದನ್ನು ಕೇಳಲು ಸಪ್ಲೈ-ಆರ್ ಮುಂದೆ ಮೂರನೆಯ ಬಾರಿ ಹೋಗಿ ನಿಂತಾಗ ಬರ್ನ್-ಈಯ ಇಡೀ ಮೈ ಕುಗ್ಗಿರುವ ರೀತಿಯನ್ನು ಗಮನಿಸಿ. ಮೇಸ್ತ್ರಿಯ ಎದುರು ಮುರಿದ ಸಲಕರಣೆಯನ್ನು ಹಿಡಿದು ನಿಂತ ಹೊಸ ಹುಡುಗನ ನಿಲುವು ಅದು. ಆ ಭಂಗಿಯಲ್ಲಿ ನಾಚಿಕೆಯಿದೆ, ಭಯವಿದೆ, ಇನ್ನೊಮ್ಮೆ ಅವಕಾಶ ಸಿಗಲಿ ಎಂಬ ಬೇಡಿಕೆಯಿದೆ, ಮತ್ತು ಇವೆಲ್ಲವನ್ನೂ ತೋರಿಸಲು ಅನಿಮೇಟರುಗಳ ಬಳಿ ಇದ್ದದ್ದು ಕತ್ತಿನ ಬಾಗು, ಕೈಗಳ ಚಲನೆ ಮತ್ತು ಒಂದು ಕ್ಷಣದ ತಡೆ ಮಾತ್ರ.

ಮೂರನೆಯ ಸಲ ಅದು ದೀಪವನ್ನು ನೆಟ್ಟಗೆ ಕೂರಿಸುತ್ತದೆ. ಅದೇ ಹೊತ್ತಿಗೆ ಬಾಹ್ಯಾಕಾಶದಲ್ಲಿ ನರ್ತಿಸಿ ಬಂದ ವಾಲ್-ಈ ಮತ್ತು ಅದರ ಗೆಳತಿ ರೋಬಾಟ್ ಈವ್, ಈ ಜೋಡಿ ಬರ್ನ್-ಈ ಹೊರಬಂದಿದ್ದ ಬಾಗಿಲಿನಿಂದಲೇ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಬರ್ನ್-ಈ ಹೊರಗೇ ಉಳಿಯುತ್ತದೆ.

ಅಕ್ಕನ ಆರು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರವನ್ನು ನೋಡಿದಾಗ, ನಾನು ಹಿಂದೆ ಎರಡು ಬಾರಿ ನೋಡಿಯೂ ಗಮನಿಸದಿದ್ದ ಸಂಗತಿಯೊಂದು ಆ ಮಗುವಿನ ಮಾತಿನಲ್ಲಿ ಹೊರಬಿತ್ತು. ಶುರುವಿನಲ್ಲಿ ಅವಳು "ಮಾಮಾ, ಅದು ಏನು ಮಾಡ್ತಾ ಇದೆ?" ಎಂದು ಕೇಳಿದ್ದಳು. ಬಾಗಿಲು ಮುಚ್ಚಿದ ಕೂಡಲೇ ಅವಳು ಕೇಳಿದ್ದು "ಅವನು ಹೊರಗೇ ಉಳಿದುಬಿಟ್ಟನಲ್ಲ, ಯಾರೂ ಬಾಗಿಲು ತೆಗೆಯಲ್ವಾ?" ಎಂದು. ನಮ್ಮ ಭಾಷೆಯಲ್ಲಿ ಯಂತ್ರ ನಪುಂಸಕಲಿಂಗ. ಅದು ಬರುತ್ತದೆ, ಹೋಗುತ್ತದೆ, ಕೆಡುತ್ತದೆ. ಅದನ್ನು 'ಅವನು' ಎಂದು ಕರೆಯಬೇಕಾದರೆ ಅದಕ್ಕೆ ಆದ ನೋವು ನಮಗೆ ತಾಗಿರಬೇಕು. ನಿರ್ದೇಶಕರು ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ದೃಶ್ಯವನ್ನು ಮಾಡಿರಲಾರರು, ಆದರೂ ಕನ್ನಡದಲ್ಲಿ ಯೋಚಿಸುವ ಪ್ರೇಕ್ಷಕರ ಪಾಲಿಗೆ ಈ ಚಿತ್ರ ತನ್ನ ಕೆಲಸವನ್ನು ಮುಗಿಸುವುದು ಆ ಸರ್ವನಾಮ ಬದಲಾಗುವ ಜಾಗದಲ್ಲಿಯೇ. ನಾನೂ ಇಲ್ಲಿಂದ ಮುಂದೆ ಅವನು ಎಂದೇ ಬರೆಯುತ್ತೇನೆ.

ಚಿತ್ರದ ಎರಡನೆಯ ಭಾಗದಲ್ಲಿ ಅವನು ಒಳಗೆ ಹೋಗಲು ದಾರಿ ಹುಡುಕುತ್ತಾನೆ. ಪೂರ್ಣಾವಧಿ ಚಿತ್ರದ ದೊಡ್ಡ ಘಟನೆಗಳೆಲ್ಲ ಇದೇ ಹೊತ್ತಿನಲ್ಲಿ ಗೋಡೆಯ ಆ ಬದಿಯಲ್ಲಿ ನಡೆಯುತ್ತಿರುತ್ತವೆ: ಕಪ್ತಾನನಿಗೂ ನೌಕೆಯನ್ನು ನಡೆಸುವ ಆಟೊ ಎಂಬ ಯಂತ್ರಕ್ಕೂ ಜಗಳ, ಭೂಮಿಗೆ ಮರಳಬೇಕೋ ಬೇಡವೋ ಎಂಬ ನಿರ್ಧಾರ, ಒಂದು ಹಸಿರು ಸಸಿಗಾಗಿ ಹೋರಾಟ. ಹೊರಗಿರುವವನಿಗೆ ಇದೊಂದೂ ಗೊತ್ತಿಲ್ಲ. ಮನುಕುಲದ ಭವಿಷ್ಯ ನಿಶ್ಚಯವಾಗುವ ಆ ಗಳಿಗೆ ಅವನ ಅನುಭವಕ್ಕೆ ಬರುವುದು ನೌಕೆ ಇದ್ದಕ್ಕಿದ್ದಂತೆ ಓರೆಯಾಗುವ ರೂಪದಲ್ಲಿ. ಬಯಲಾಟದ ರಾತ್ರಿಗಳನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಕರೆಂಟು ಇಲ್ಲದ ಕಾಲದಲ್ಲಿ ರಂಗಸ್ಥಳದ ಬದಿಯಲ್ಲಿ ಗ್ಯಾಸ್‌ಲೈಟಿಗೆ ಗಾಳಿ ಹಾಕುತ್ತಾ, ಮ್ಯಾಂಟಲ್ ಉದುರಿದರೆ ಬೇರೆ ಕಟ್ಟುತ್ತಾ ಬೆಳಗಿನವರೆಗೆ ಎಚ್ಚರವಿರುತ್ತಿದ್ದವನಿಗೆ ಕರ್ಣಾರ್ಜುನರ ಕಾಳಗ ತುಣುಕುತುಣುಕಾಗಿ ಮಾತ್ರ ಕಾಣುತ್ತಿತ್ತು, ಏಕೆಂದರೆ ಅವನ ಕಣ್ಣು ಕರ್ಣನ ಮೇಲಲ್ಲ, ಬೆಳಕು ಮಂಕಾಗುತ್ತಿದೆಯೇ ಎಂಬುದರ ಮೇಲಿರುತ್ತಿತ್ತು. ಬರ್ನ್-ಈ ಆ ಬೆಳಕಿನವನ ಕುಲದವನು. ಅವನ ಬದಿಯಿಂದ ಪ್ರಸಂಗವನ್ನು ನೋಡಿದಾಗ ಕಿರೀಟ ತೊಟ್ಟವರ ಆವೇಶವೂ ಬೇರೆಯದೇ ಬಣ್ಣ ಪಡೆಯುತ್ತದೆ. ಒಳಗೆ ಹೋದ ಆ ಜೋಡಿ ಕೆಟ್ಟವರಲ್ಲ, ಅವರಿಗೆ ಇವನನ್ನು ನೋಯಿಸುವ ಉದ್ದೇಶವೂ ಇರಲಿಲ್ಲ. ಅವರು ಇವನನ್ನು ಗಮನಿಸಲೇ ಇಲ್ಲ. ಚಿತ್ರ ಅವರನ್ನು ಖಳರನ್ನಾಗಿಸದೆ ಈ ಮಾತನ್ನು ಹೇಳಿರುವುದರಿಂದಲೇ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಬಹಳ ಹೊತ್ತು ಪರದಾಡಿದ ಮೇಲೆ ಅವನಿಗೆ ಒಂದು ವಿಷಯ ಹೊಳೆಯುತ್ತದೆ. ಲೋಹವನ್ನು ಕೊರೆಯಬಲ್ಲ ಬೆಂಕಿ ಅವನ ಕೈಯಲ್ಲೇ ಇದೆ! ಬಾಗಿಲನ್ನು ಯಾರೋ ತೆಗೆಯಲಿ ಎಂದು ಕಾಯುವ ಬದಲು ಅದರಲ್ಲಿ ತೂತು ಮಾಡಬಹುದು. ಇದನ್ನು ನಗುವಿಗಾಗಿ ಇಟ್ಟಿದ್ದಾರೆ, ಮಗು ನಕ್ಕಿತು ಕೂಡ. ನನಗೆ ಅಲ್ಲಿ ಕಂಡದ್ದು ಶಿಸ್ತು. ನೌಕೆಯನ್ನು ಸರಿಪಡಿಸುವುದಕ್ಕಾಗಿಯೇ ಹುಟ್ಟಿದವನಿಗೆ ನೌಕೆಯನ್ನು ಕತ್ತರಿಸುವ ಯೋಚನೆ ತಡವಾಗಿ ಬಂದದ್ದರಲ್ಲಿ ದಡ್ಡತನವಿಲ್ಲ.

ಈ ಕಾಲ್ಪನಿಕ ಕೆಲಸಗಾರನಿಗೂ ನಿಜವಾದ ಬಾಹ್ಯಾಕಾಶದ ಕೆಲಸಕ್ಕೂ ಇರುವ ನಂಟನ್ನು ಹೇಳದೆ ಈ ಚಿತ್ರದ ಬೆಲೆ ಕಟ್ಟಲಾಗದು. ಮೊದಲನೆಯ ದೀಪ ತೇಲಿಹೋಗುವ ದೃಶ್ಯವನ್ನೇ ತೆಗೆದುಕೊಳ್ಳಿ. ಈ ಚಿತ್ರದ ತಟ್ಟೆ ಅಂಗಡಿಗೆ ಬಂದ 2008ರ ನವೆಂಬರ್ 18ರಂದೇ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಗಗನಯಾತ್ರಿ ಹೈಡ್ಮೇರಿ ಸ್ಟೆಫಾನಿಶಿನ್-ಪೈಪರ್ ಅವರು, ಸೌರಫಲಕಗಳನ್ನು ಸೂರ್ಯನತ್ತ ತಿರುಗಿಸುವ ದೊಡ್ಡ ಕೀಲನ್ನು ಒರೆಸಿ ಗ್ರೀಸ್ ಹಚ್ಚುವ ಕೆಲಸದಲ್ಲಿದ್ದರು. ಚೀಲದೊಳಗೆ ಗ್ರೀಸ್ ಸೋರಿದ್ದನ್ನು ಅವರು ಒರೆಸುತ್ತಿದ್ದಾಗ ಸಲಕರಣೆಗಳ ಚೀಲವೊಂದು ಸದ್ದಿಲ್ಲದೆ ತೇಲಿ ಕೈಗೆ ಸಿಗದಷ್ಟು ದೂರ ಹೋಯಿತು. ಆ ಚೀಲ ತಿಂಗಳುಗಟ್ಟಲೆ ಭೂಮಿಯನ್ನು ಸುತ್ತುತ್ತಿದ್ದು, 2009ರ ಆಗಸ್ಟ್‌ನಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಯಿತು. ತೆರೆಯ ಮೇಲಿನ ಕಲ್ಪನೆಯೂ ಆಕಾಶದ ನಿಜವೂ ಒಂದೇ ದಿನ ಹೀಗೆ ಎದುರುಬದುರಾದದ್ದು ಕೇವಲ ಕಾಕತಾಳೀಯ. ಆದರೆ ಎರಡರ ಹಿಂದಿರುವ ಕಾರಣ ಒಂದೇ. ನೆಲದ ಮೇಲೆ ಕೈ ಬಿಟ್ಟ ವಸ್ತು ಕಾಲ ಬಳಿ ಬಿದ್ದಿರುತ್ತದೆ, ಬಗ್ಗಿ ಎತ್ತಿಕೊಳ್ಳಬಹುದು. ಅಲ್ಲಿ ಬಿಟ್ಟದ್ದು ಬೀಳುವುದಿಲ್ಲ, ಹೊರಟುಹೋಗುತ್ತದೆ, ಮತ್ತು ಕೂಡಲೇ ತಡೆಯುವಷ್ಟು ಗಾಳಿಯೂ ಇಲ್ಲದ್ದರಿಂದ ಹೋಗುತ್ತಲೇ ಇರುತ್ತದೆ. ಅದಕ್ಕೇ ಗಗನಯಾತ್ರಿಗಳು ಪ್ರತಿ ಸಲಕರಣೆಯನ್ನೂ ಹಗ್ಗಕ್ಕೆ ಕಟ್ಟಿಕೊಂಡು ಕೆಲಸ ಮಾಡುತ್ತಾರೆ.

ಹಳಿಯೂ ಬರೀ ಕಲ್ಪನೆಯಲ್ಲ. ನಿಲ್ದಾಣದ ಉದ್ದನೆಯ ತೊಲೆಯ ಮೇಲೆ ನಿಜವಾಗಿಯೂ ಹಳಿಗಳಿವೆ, 2002ರಲ್ಲಿ ಅಳವಡಿಸಿದ ಒಂದು ಗಾಡಿ ಅವುಗಳ ಮೇಲೆ ಸೆಕೆಂಡಿಗೆ ಹೆಚ್ಚೆಂದರೆ 2.5 ಸೆಂಟಿಮೀಟರಿನಷ್ಟು ನಿಧಾನವಾಗಿ ತೆವಳುತ್ತದೆ, ಮತ್ತು 17 ಮೀಟರಿಗಿಂತ ಉದ್ದವಿರುವ ಕೆನಡಾದ ರೋಬಾಟ್ ತೋಳು ಆ ಗಾಡಿಯ ಮೇಲೆ ಕುಳಿತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬಲ್ಲದು. ಕೆಟ್ಟ ಬಿಡಿಭಾಗಗಳನ್ನು ಕಳಚಿ ಬೇರೆಯದನ್ನು ಕೂರಿಸಲೆಂದೇ ರೂಪಿಸಿದ ಡೆಕ್ಸ್ಟರ್ ಎಂಬ ಎರಡು ತೋಳಿನ ಕೆನಡಾದ ರೋಬಾಟ್ ನಿಲ್ದಾಣಕ್ಕೆ ಹೋದದ್ದು 2008ರ ಮಾರ್ಚ್‌ನಲ್ಲಿ, ಅಂದರೆ 'ವಾಲ್-ಈ' ತೆರೆಗೆ ಬರುವ ಮೂರು ತಿಂಗಳ ಮೊದಲು. ಕಲ್ಲು ಬಂದು ಬಡಿಯುವ ಪ್ರಸಂಗಕ್ಕೂ ನಿಜದ ಜೊತೆಗಾರನಿದ್ದಾನೆ: 2021ರ ಮೇ ತಿಂಗಳಲ್ಲಿ ಮಾಮೂಲಿ ತಪಾಸಣೆ ನಡೆಸುವಾಗ ಅದೇ ಕೆನಡಾದ ತೋಳಿನಲ್ಲಿ, ಯಾವುದೋ ಸಣ್ಣ ಚೂರು ಬಡಿದು ಆದ ತೂತು ಕಂಡುಬಂದಿತು. ತೋಳು ಕೆಲಸ ನಿಲ್ಲಿಸಲಿಲ್ಲ.

ಬೆಸುಗೆಯ ಚರಿತ್ರೆ ಇನ್ನೂ ಹಿಂದಿನದು. 1969ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಸೋಯುಜ್-6 ನೌಕೆಯಲ್ಲಿ ವಲೇರಿ ಕುಬಾಸೊವ್ ಅವರು 'ವುಲ್ಕಾನ್' ಎಂಬ ಉಪಕರಣದಿಂದ ಬಾಹ್ಯಾಕಾಶದ ಮೊದಲ ಬೆಸುಗೆಯ ಪ್ರಯೋಗವನ್ನು ನಡೆಸಿದರು. 1984ರ ಜುಲೈ 25ರಂದು ಸಲ್ಯೂತ್-7 ನಿಲ್ದಾಣದ ಹೊರಗೆ ಬಂದ ಸ್ವೆತ್ಲಾನಾ ಸವಿತ್ಸ್ಕಾಯಾ ಅವರು ಕೀವ್‌ನ ಪ್ಯಾಟನ್ ಸಂಸ್ಥೆಯಲ್ಲಿ ತಯಾರಾದ ಕೈಯುಪಕರಣದಿಂದ ಲೋಹವನ್ನು ಕತ್ತರಿಸಿದರು, ಬೆಸೆದರು. ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆಯ ಕೈಯಲ್ಲಿ ಇದ್ದದ್ದು ಬೆಸುಗೆಯ ಉಪಕರಣ ಎಂಬ ಸಂಗತಿ ನನಗೆ ಯಾವಾಗಲೂ ಹೆಮ್ಮೆ ಹುಟ್ಟಿಸುತ್ತದೆ, ಬರ್ನ್-ಈಯ ಕಿಡಿಗಳನ್ನು ನೋಡುವಾಗಲೂ ಅವರೇ ನೆನಪಾಗುತ್ತಾರೆ. ಆ ಎರಡೂ ಉಪಕರಣಗಳಲ್ಲಿ ಎಲೆಕ್ಟ್ರಾನ್ ಕಿರಣದ ಬಳಕೆಯಿತ್ತು. ನೆಲದ ಮೇಲೆ ಆ ವಿಧಾನಕ್ಕೆ ಪಂಪಿನಿಂದ ಗಾಳಿಯನ್ನು ಹೊರತೆಗೆದ ಪೆಟ್ಟಿಗೆ ಬೇಕಾಗುತ್ತದೆ, ಅಲ್ಲಿ ಆ ಶೂನ್ಯವೇ ಸುತ್ತಲೂ ಸಿದ್ಧವಾಗಿರುತ್ತದೆ.

ಇನ್ನು ಕಸುಬಿನ ಮಾತು. ಚಿತ್ರದಲ್ಲಿ ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ಕನ್ನಡ ಮಕ್ಕಳಿಗೆ ಇದರಿಂದ ಆಗುವ ಲಾಭವನ್ನು ಒತ್ತಿ ಹೇಳಬೇಕು: ಡಬ್ಬಿಂಗ್ ಬೇಡ, ತೆರೆಯ ಕೆಳಗಿನ ಅಕ್ಷರಗಳನ್ನು ಓದುವ ಅವಸರವಿಲ್ಲ, ಅರ್ಥ ಹೇಳಲು ದೊಡ್ಡವರು ಪಕ್ಕದಲ್ಲಿರಬೇಕೆಂದೂ ಇಲ್ಲ. ಮಾತಿನ ಜಾಗದಲ್ಲಿ ಸದ್ದುಗಳಿವೆ. ಪೂರ್ಣಾವಧಿ ಚಿತ್ರಕ್ಕೆ ಬೆನ್ ಬರ್ಟ್ ಅವರು 2,500ರಷ್ಟು ಸದ್ದುಗಳನ್ನು ಸಿದ್ಧಪಡಿಸಿದ್ದರು. ಅದೇ ಶಬ್ದಲೋಕದಲ್ಲಿ ಹುಟ್ಟಿದ ಬರ್ನ್-ಈಯ ಕುಂಯ್‌ಗುಟ್ಟುವಿಕೆಗೆ ಪ್ರಶ್ನೆ, ಗೊಣಗಾಟ, ಅಳು ಎಲ್ಲವೂ ಬರುತ್ತದೆ. ಗಾಳಿಯಿಲ್ಲದ ಕಡೆ ಸದ್ದು ಹರಡದು ಎಂಬ ವಿಜ್ಞಾನದ ಆಕ್ಷೇಪ ನ್ಯಾಯವಾದದ್ದೇ. ಆದರೂ ಮಾತಿಲ್ಲದ ಚಿತ್ರದಿಂದ ಸದ್ದನ್ನೂ ಕಿತ್ತುಕೊಂಡರೆ ಅವನ ಮನಸ್ಸನ್ನು ಓದಲು ನಮಗೆ ಅರ್ಧ ದಾರಿಯೇ ಮುಚ್ಚಿಹೋಗುತ್ತಿತ್ತು, ಆದ್ದರಿಂದ ಈ ಸ್ವಾತಂತ್ರ್ಯವನ್ನು ನಾನು ಒಪ್ಪುತ್ತೇನೆ. ಜೆ. ಎ. ಸಿ. ರೆಡ್‌ಫರ್ಡ್ ಅವರ ಸಂಗೀತ ತಾನಾಗಿ ಮುಂದೆ ಬರದೆ ಅವನ ಹೆಜ್ಜೆಯ ಹಿಂದೆ ನಡೆಯುತ್ತದೆ.

ಬೆಳಕನ್ನು ಬಳಸಿಕೊಂಡ ರೀತಿ ನನಗೆ ಸಂಗೀತಕ್ಕಿಂತ ಹೆಚ್ಚು ಹಿಡಿಸಿತು. ನೌಕೆಯ ಮೈ ಬೆಳ್ಳಗೆ, ಅದರಾಚೆಯ ಕತ್ತಲೆ ತಳವಿಲ್ಲದ್ದು. ಈ ಎರಡರ ನಡುವೆ ಬೆಸುಗೆಯ ಕಿಡಿ ಹೊತ್ತಿದಾಗ ಕೆಲಸಗಾರನ ಪುಟ್ಟ ಲೋಕ ಆ ಕಿಡಿ ಬೆಳಗಿದಷ್ಟೇ ಅಗಲಕ್ಕೆ ಸೀಮಿತವಾಗುತ್ತದೆ. ಅವನ ಹಿಂದೆ, ದೂರದಲ್ಲಿ, ಮಹತ್ವದ್ದೇನೋ ನಡೆಯುತ್ತದೆ, ಅವನು ತಿರುಗುತ್ತಾನೆ, ಕಿಡಿ ತಪ್ಪುತ್ತದೆ. ಚಿತ್ರದ ಎಲ್ಲ ಅವಘಡಗಳೂ ಈ ಒಂದೇ ಜ್ಯಾಮಿತಿಯ ಮೇಲೆ ನಿಂತಿವೆ, ಎಲ್ಲಿಯೂ ಕ್ಯಾಮೆರಾ ಅವಸರ ಮಾಡುವುದಿಲ್ಲ.

ಕೊರತೆಗಳೂ ಇವೆ. 'ವಾಲ್-ಈ'ಯನ್ನು ನೋಡದವರಿಗೆ ಈ ಚಿತ್ರ ಅರ್ಧಂಬರ್ಧ ಅನ್ನಿಸುತ್ತದೆ. ದೂರದಲ್ಲಿ ಹೊಳೆದು ಹೋದದ್ದು ಯಾರು, ಸ್ಫೋಟವಾದದ್ದು ಯಾವುದು, ನೌಕೆ ಯಾಕೆ ವಾಲಿತು ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಅರಿಯದೆ ಪಾಡುಪಡುವ ಬರ್ನ್-ಈಯ ಸ್ಥಿತಿಗೆ ಅದು ಹೊಂದುತ್ತದೆ ಎಂದು ವಾದಿಸಬಹುದು, ಆದರೆ ಆ ವಾದದ ರುಚಿ ಹತ್ತುವುದು ದೊಡ್ಡ ಚಿತ್ರವನ್ನು ಬಲ್ಲವರಿಗೇ. ಎರಡನೆಯದಾಗಿ, ಬಾಗಿಲು ಮುಚ್ಚಿದ ನಂತರದ ಭಾಗದಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತಾ ಹೋಗುವಾಗ ಒಂದೆರಡು ಏಟುಗಳು ಲೆಕ್ಕ ಭರ್ತಿಗೆ ಬಂದಂತೆ ಕಾಣುತ್ತವೆ; ಮೂರು ದೀಪಗಳ ಪ್ರಸಂಗದಲ್ಲಿದ್ದ ಬಿಗಿ ಅಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಕೊನೆಯದನ್ನು ನಾನು ಹೆಚ್ಚು ಯೋಚಿಸಿ ಹೇಳುತ್ತಿದ್ದೇನೆ. ಇಷ್ಟು ಪ್ರೀತಿಯಿಂದ ಕಟ್ಟಿದ ಪಾತ್ರಕ್ಕೆ ಅಂತ್ಯದಲ್ಲಿ ಚಿತ್ರ ಕೊಡುವ ಪೆಟ್ಟು ಅಗತ್ಯಕ್ಕಿಂತ ಗಟ್ಟಿಯಾಗಿದೆ. ಅದೇನೆಂದು ಬಿಡಿಸಿ ಹೇಳಿ ನೋಡುವವರ ಸಂತೋಷವನ್ನು ಕಸಿಯುವುದಿಲ್ಲ, ಆದರೆ ಆ ಕ್ಷಣದಲ್ಲಿ ನನ್ನ ಪಕ್ಕದಲ್ಲಿದ್ದ ಮಗು ನಗಲಿಲ್ಲ, ನನ್ನ ತೋಳನ್ನು ಹಿಡಿದುಕೊಂಡಿತು. ಹಾಸ್ಯಚಿತ್ರದ ಕೊನೆಯಲ್ಲಿ ಹಾಗಾದರೆ ಅದನ್ನು ಚಿತ್ರದ ದೋಷವೆನ್ನಬೇಕೋ ಬಲವೆನ್ನಬೇಕೋ ಎಂದು ನಾನು ಈಗಲೂ ಅತ್ತಿತ್ತ ತೂಗುತ್ತಿದ್ದೇನೆ.

ನೋಡುವವರು ಮೊದಲು 'ವಾಲ್-ಈ'ಯನ್ನು ನೋಡಿ, ಸಾಧ್ಯವಾದರೆ ಅದೇ ಸಂಜೆ, ಬಾಗಿಲು ಮುಚ್ಚುವ ಆ ದೃಶ್ಯದ ನೆನಪು ಹಸಿಯಾಗಿರುವಾಗಲೇ 'ಬರ್ನ್-ಈ'ಯನ್ನು ನೋಡಬೇಕು. ಆಮೇಲೆ ಬಿಡುವಾದಾಗ ದೊಡ್ಡ ಚಿತ್ರವನ್ನು ಇನ್ನೊಮ್ಮೆ ನೋಡಿದರೆ, ಆ ನರ್ತನ ಮುಗಿಯುವ ಹೊತ್ತಿಗೆ ನಿಮ್ಮ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುವುದು ಖಂಡಿತ. ಐದು ವರ್ಷ ದಾಟಿದ ಯಾವ ಮಗುವಿಗಾದರೂ ಇದು ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಕೆಲಸ ಮಾಡಿದವರ ಹೆಸರುಗಳು ತೆರೆಯ ಮೇಲೆ ಬರಲು ಶುರುವಾದ ಕೂಡಲೇ ಎದ್ದು ಹೋಗಬೇಡಿ. ಮೂರು ಬಾರಿಯೂ ಬಿಗಿ ಮುಖದಿಂದ ದೀಪ ಎತ್ತಿಕೊಟ್ಟ ಸಪ್ಲೈ-ಆರ್ ಇನ್ನೊಮ್ಮೆ ಬರುತ್ತದೆ. ಈ ಸಲ ಅದರ ಕೈಯಲ್ಲಿ ಕೊಡಲು ದೀಪವಿಲ್ಲ, ಬಿದ್ದಿರುವ ಜೊತೆಗಾರನ ತಲೆಯನ್ನು ತಟ್ಟಲು ಬಂದಿರುತ್ತದೆ. ಆರು ವರ್ಷದವಳು ಆ ಒಂದು ಗಳಿಗೆಯನ್ನು ಮಾತ್ರ ಹಿಂದಕ್ಕೆ ಸರಿಸಿ ಮತ್ತೆ ಮತ್ತೆ ಹಾಕಿಸಿಕೊಂಡಳು.